ಖಾಲಿ ಚೆಕ್ಕಿಗೆ ರುಜು ಹಾಕಿದ ಕಥೆ
(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಬೇಸಾಯಕ್ಕೆ ಇಳಿದವನು. ಚೆಕ್ಕಿನ ವಿಚಾರ ಎರಡು ಮಾತು ಹೇಳಿ ಅಂತ ಕಾರ್ಯದರ್ಶಿಗಳು ಅಂದಾಗ, ನಾನೇ ಮೋಸ ಹೋದವನು, ನಾನೇನು ಹೇಳಲಿ ಅಂದೆ. ಅದನ್ನೇ ಹೇಳಿ ಅಂದರು.

2017ರ ಮುಂಗಾರಿನಲ್ಲಿ ಪೇಟೆಯ ಒಂದು ಅಂಗಡಿಯಿಂದ 18,000 ರೂಪಾಯಿಯ ಗೊಬ್ಬರ, ಬಿತ್ತನೆ ಬೀಜ ಸಾಲ ತಂದೆ. ಭದ್ರತೆಗೆ ಒಂದು ಚೆಕ್ಕು ಕೇಳಿದರು. "ಬರೀ ರುಜು ಹಾಕಿ ಕೊಡಿ ಗೌಡ್ರೇ, ಮಿಕ್ಕಿದ್ದು ನಾವು ಬರ್ಕೋತೀವಿ" ಅಂದರು. ಹಾಕಿ ಕೊಟ್ಟೆ. ಸುಗ್ಗಿ ಆದ ಮೇಲೆ ಸಾಲವನ್ನು ನಗದಾಗಿ ತೀರಿಸಿದೆ. ರಸೀದಿ ಕೇಳಲಿಲ್ಲ, ಚೆಕ್ಕನ್ನೂ ವಾಪಸ್ ಕೇಳಲಿಲ್ಲ. ಮಾರನೇ ವರ್ಷ ವಕೀಲರ ನೋಟೀಸು ಬಂತು. ನನ್ನ ಚೆಕ್ಕಿನಲ್ಲಿ 85,000 ಅಂತ ಬರೆದು ಬ್ಯಾಂಕಿಗೆ ಹಾಕಿದ್ದರು. ಖಾತೆಯಲ್ಲಿ ಅಷ್ಟು ಹಣ ಎಲ್ಲಿಂದ ಬರಬೇಕು? ಚೆಕ್ಕು ವಾಪಸಾಗಿತ್ತು. 15 ದಿನದೊಳಗೆ ಕಟ್ಟದಿದ್ದರೆ ಕೋರ್ಟಿನಲ್ಲಿ ಕೇಸು. ಮನೆಯಾಕೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಊರ ಹಿರಿಯರು ಕೂತು ಮಾತಾಡಿ 30,000ಕ್ಕೆ ಮುಗಿಸಿದರು. ಕರೆಯುವ ಹಸು ಒಂದನ್ನು ಮಾರಬೇಕಾಯ್ತು.

"ಚೆಕ್ಕಿನ ಅಕ್ಷರ ನಂದಲ್ಲ" ಅಂತ ವಕೀಲರ ಹತ್ತಿರ ವಾದ ಮಾಡಿದೆ. ರುಜು ನಿಮ್ಮದೇ ತಾನೇ ಅಂದರು. ನಾವೇ ಒಪ್ಪಿ ರುಜು ಹಾಕಿಕೊಟ್ಟ ಖಾಲಿ ಚೆಕ್ಕನ್ನು ಬೇರೆಯವರು ತುಂಬಿದರೂ, ಸಾಲ ಇದೆ ಎಂದೇ ಕಾನೂನು ಮೊದಲು ಎಣಿಸುತ್ತದೆ. ಇಲ್ಲ ಅಂತ ತೋರಿಸುವ ಹೊಣೆ ನಮ್ಮದು. 2019ರಲ್ಲಿ ಸುಪ್ರೀಂ ಕೋರ್ಟು ಸಹ ಹೀಗೇ ಹೇಳಿದೆ. ಒಂದು ರಸೀದಿ ಇದ್ದಿದ್ದರೆ ನನಗೆ ಸಾಕ್ಷಿ ಆಗುತ್ತಿತ್ತು.

ಈಗ ನಾನು ಹೆಸರು, ತಾರೀಖು, ಮೊತ್ತ ಎಲ್ಲ ತುಂಬಿದ ಮೇಲೇ ರುಜು ಹಾಕುವುದು. ಅಂಕಿಯ ಹಿಂದೆ ಮುಂದೆ ಜಾಗ ಬಿಡುವುದಿಲ್ಲ. 8,000ದ ಮುಂದೆ ಒಂದು ಗೀಟು ಎಳೆದರೆ 18,000 ಆಗುತ್ತದೆ ನೋಡಿ. ಅಕ್ಷರದಲ್ಲಿ ಬರೆದು 'ಮಾತ್ರ' ಅಂತ ಮುಗಿಸಬೇಕು. ಎಡಗಡೆ ಮೂಲೆಯಲ್ಲಿ ಎರಡು ಗೆರೆ ಎಳೆದು 'ಅಕೌಂಟ್ ಪೇಯಿ' ಅಂತ ಬರೆದರೆ ಹಣ ಹೆಸರಿದ್ದವರ ಖಾತೆಗೇ ಹೋಗಬೇಕು. 50,000 ಮತ್ತು ಅದಕ್ಕೆ ಮೇಲ್ಪಟ್ಟ ಚೆಕ್ಕಾದರೆ ಅದರ ವಿವರವನ್ನು ಬ್ಯಾಂಕಿಗೆ ಮೊದಲೇ ತಿಳಿಸುವ ಪಾಸಿಟಿವ್ ಪೇ ಅನ್ನುವ ಏರ್ಪಾಡು 2021ರ ಜನವರಿಯಿಂದ ಇದೆ. ಹಾಳೆ ಕಳೆದರೆ ಅವತ್ತೇ ಬ್ಯಾಂಕಿಗೆ ಅರ್ಜಿ ಕೊಟ್ಟು ತಡೆಸಿ.

ಇನ್ನೊಂದು ಮಾತು, ಕಾರ್ಯದರ್ಶಿಗಳು ಬೇಜಾರು ಮಾಡ್ಕೋಬಾರದು. ನಿರ್ದೇಶಕನಾದ ಹೊಸತರಲ್ಲಿ ಯಾತ್ರೆಗೆ ಹೊರಟಾಗ ಸಂಘದ ಐದು ಖಾಲಿ ಹಾಳೆಗೆ ರುಜು ಹಾಕಿ ಹೋಗಿದ್ದೆ. ಏನೂ ಆಗಲಿಲ್ಲ, ಅದು ಅವರ ದೊಡ್ಡಗುಣ. ಆದರೆ ಅದು ನನ್ನ ದುಡ್ಡಲ್ಲ, ನಿಮ್ಮ ಠೇವಣಿ. ಈಗ ಯಾರೇ ಕೇಳಿದರೂ ಹಾಕುವುದಿಲ್ಲ.

ನಿಮ್ಮದೂ ಹಳೇ ಚೆಕ್ಕು ಪೇಟೆಯಲ್ಲಿ ಯಾರ ಹತ್ತಿರವಾದರೂ ಉಳಿದಿದ್ದರೆ ಈ ವಾರವೇ ಹೋಗಿ ತನ್ನಿ. ಒಬ್ಬರೇ ಹೋಗೋಕೆ ಸಂಕೋಚ ಆದರೆ ಹೇಳಿ, ಜೊತೆಗೆ ನಾನು ಬರ್ತೀನಿ.