ಬತ್ತಿಯೇರಿದ ಎಣ್ಣೆ

ಗೇರು ಬದಲಿಸುವುದು ಚಾಲಕನ ಕೈಚಳಕವೆಂದೇ ಬಹುಕಾಲ ನಂಬಿದ್ದವನು ನಾನು. 2000ದ ದಶಕದ ಮರ್ಸಿಡಿಸ್ ಸ್ಪ್ರಿಂಟರ್ ವ್ಯಾನುಗಳ 5 ಗೇರಿನ ಸ್ವಯಂಚಾಲಿತ ಪೆಟ್ಟಿಗೆಯಲ್ಲಿ ಆ ನಿರ್ಧಾರ ಒಂದು ಪುಟ್ಟ ವಿದ್ಯುನ್ಮಾನ ಘಟಕದ್ದು. ಅಮೆರಿಕದ ಕೊಳಾಯಿಗಾರರು, ಬಡಗಿಗಳು ತಮ್ಮ ಕಸುಬಿನ ಸಾಮಗ್ರಿಯನ್ನೆಲ್ಲ ಇಂಥ ಬಂಡಿಯಲ್ಲಿ ಹೇರಿಕೊಂಡು ತಿರುಗುತ್ತಾರೆ. ಘಟಕ ಕೆಟ್ಟಿತೋ, ವ್ಯಾನು 2ನೆಯ ಗೇರಿನಲ್ಲೇ ಕುಂಟುತ್ತದೆ. ಅಂದಿನ ದುಡಿಮೆಯೂ ಅದರೊಡನೆ.

ಅವಸರಕ್ಕೆ ಹೊಸ ಘಟಕವನ್ನು ಕೊಂಡು ತೊಡಿಸುವುದು ಸಹಜ. ಆದರೆ ವ್ಯಾಧಿಯ ಮೂಲ ಬೇರೆಡೆ ಇರಬಹುದು. ಗೇರುಪೆಟ್ಟಿಗೆಗೆ ತಂತಿಗಳು ಸೇರುವ 13 ಮೊನೆಗಳ ಜೋಡಣೆಯಲ್ಲಿ ಪುಟ್ಟ ರಬ್ಬರ್ ಬಳೆಗಳಿವೆ. ಅವು ಗಡಸಾದರೆ ಒಳಗಿನ ಎಣ್ಣೆ ತಂತಿಗಳ ಹೊದಿಕೆಯೊಳಗೆ ಮೆಲ್ಲಮೆಲ್ಲನೆ ಏರಿ ಘಟಕವನ್ನು ಮುಟ್ಟುತ್ತದೆ. ನಿತ್ಯ ದೀಪ ಹಚ್ಚುವ ಮನೆಗಳಲ್ಲಿ ಇದನ್ನು ವಿವರಿಸಬೇಕಾಗಿಲ್ಲ.

ಬಲ್ಲ ಕುಶಲಿಯು ಮೊದಲು ಘಟಕದ ಜೋಡಣೆಯನ್ನು ಕಳಚಿ ಎಣ್ಣೆಯ ಪಸೆಯಿದೆಯೇ, ವಿದ್ಯುತ್ತು ಸರಿಯಾಗಿ ತಲುಪುತ್ತಿದೆಯೇ ಎಂದು ನೋಡುತ್ತಾನೆ. ಕೆಲವೊಮ್ಮೆ ಶುಚಿಗೊಳಿಸಿದರೆ ಸಾಕು. ಘಟಕ ನಿಜವಾಗಿ ಸತ್ತಿದ್ದರೆ ಹೊಸದೇ ಬೇಕು. ಅದಕ್ಕೆ ಆ ವಾಹನದ ವಿವರಗಳನ್ನು ಗಣಕದ ಮೂಲಕ ತುಂಬಬೇಕು. ನಾಮಕರಣವೆನ್ನೋಣವೇ? ಆ ರಬ್ಬರ್ ಬಳೆಗಳನ್ನು ಬದಲಿಸದೆ ಬಿಟ್ಟರೆ ಮಾತ್ರ, ಕೆಲವು ಕಾಲದ ಮೇಲೆ ಹೊಸ ಘಟಕಕ್ಕೂ ಅದೇ ಎಣ್ಣೆ.