ಬುಕ್ಕರಾಯ ಹಿಡಿಸಿದ ಕೈ

(ಕನ್ನಡ ಕೂಟದ ರಾಜ್ಯೋತ್ಸವ ಸಭೆಯಲ್ಲಿ ಆಡಿದ ಮಾತುಗಳು)



ಆ ಕಡೆ ಬಿಸಿಬೇಳೆಬಾತ್ ಘಮಘಮ ಅಂತಿದೆ. ಅದಕ್ಕೇ ನೇರವಾಗಿ ವಿಷಯಕ್ಕೆ ಬರ್ತೀನಿ.

2023ರ ಡಿಸೆಂಬರ್ ತಿಂಗಳು ನಿಮಗೆಲ್ಲ ನೆನಪಿರಬೇಕು. ಇಲ್ಲೇ ನ್ಯೂವಾರ್ಕಿನ ಸ್ವಾಮಿನಾರಾಯಣ ಮಂದಿರದ ಗೋಡೆಯ ಮೇಲೆ ಯಾರೋ ಖಾಲಿಸ್ತಾನದ ಘೋಷಣೆಗಳನ್ನು ಬರೆದು ಹೋದರು. ಮುಂದಿನ ತಿಂಗಳು ಹೇವರ್ಡಿನ ಒಂದು ದೇವಸ್ಥಾನಕ್ಕೂ ಅದೇ ಗತಿ. ವಾಟ್ಸಾಪಿನಲ್ಲಿ ಫೋಟೋ ನೋಡಿ ನನ್ನ ಹೊಟ್ಟೆ ಉರಿದುಹೋಯಿತು.

ಈಗ ಒಂದು ತಪ್ಪೊಪ್ಪಿಗೆ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಸರ್ದಾರ್ಜಿ ಇದ್ದಾರೆ. ಎಂಟು ವರ್ಷದ ಸ್ನೇಹ. ಆ ಫೋಟೋ ಬಂದ ಮೇಲೆ ನಾಲ್ಕು ದಿನ ನಾನು ಅವರಿಗೆ ನಮಸ್ಕಾರ ಹೇಳಲಿಲ್ಲ. ಎದುರಿಗೆ ಸಿಕ್ಕರೂ ಫೋನ್ ನೋಡುತ್ತಾ ಒಳಗೆ ಹೋಗಿಬಿಟ್ಟೆ. ಐದನೇ ದಿನ ಅವರೇ ಬಂದು ಬಾಗಿಲು ತಟ್ಟಿದರು. "ಭಾಯಿ ಸಾಬ್, ಮಂದಿರದ ಸುದ್ದಿ ಕೇಳಿ ಬಹಳ ಸಂಕಟವಾಯ್ತು. ಗೋಡೆ ತೊಳೆಯೋಕೆ ಜನ ಬೇಕಾದ್ರೆ ಹೇಳಿ, ನಾನು ಬರ್ತೀನಿ" ಅಂದರು. ನಾನು ತಲೆ ತಗ್ಗಿಸಿ ನಿಂತೆ.

ಅವತ್ತು ಚಹಾ ಕುಡಿಯುತ್ತಾ ಅವರು ಬಲ್ಬೀರ್ ಸಿಂಗ್ ಸೋಧಿ ಅವರ ವಿಷಯ ಹೇಳಿದರು. ಸೋಧಿ ಇಲ್ಲೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟ್ಯಾಕ್ಸಿ ಓಡಿಸಿ, ದುಡ್ಡು ಕೂಡಿಸಿ, ಅರಿಜೋನಾದ ಮೇಸಾದಲ್ಲಿ ಪೆಟ್ರೋಲ್ ಬಂಕ್ ಮಾಡಿಕೊಂಡವರು. 2001ರ ಸೆಪ್ಟೆಂಬರ್ 15ರಂದು, ಅವಳಿ ಗೋಪುರ ಬಿದ್ದ ನಾಲ್ಕೇ ದಿನಕ್ಕೆ, ಪೇಟ ಕಂಡು ಒಬ್ಬಾತ ಅವರನ್ನು ಗುಂಡಿಟ್ಟು ಕೊಂದ. ಅದೇ ದಿನ ಅವರು ಗೋಪುರಗಳ ಸಂತ್ರಸ್ತರ ನಿಧಿಗೆ ಜೇಬಿನಲ್ಲಿದ್ದ ಹಣ ಹಾಕಿ ಬಂದಿದ್ದರು. ಮಾರನೇ ವರ್ಷ ಅವರ ತಮ್ಮ ಸುಖಪಾಲ್ ಕೂಡ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದಾಗ ಗುಂಡಿಗೆ ಬಲಿಯಾದರು. ಆದರೂ ಇನ್ನೊಬ್ಬ ತಮ್ಮ ರಾಣಾ 2016ರಲ್ಲಿ ಜೈಲಿನಲ್ಲಿದ್ದ ಬಲ್ಬೀರರ ಕೊಲೆಗಾರನ ಜೊತೆ ಫೋನಿನಲ್ಲಿ ಮಾತಾಡಿದರು. ಆತ ಕ್ಷಮೆ ಕೇಳಿದ, ಇವರು ಕ್ಷಮಿಸಿದರು. ಇಂಥವರ ಬಳಗದವರನ್ನು ನಾನು ಪೇಟ ನೋಡಿ ಅನುಮಾನಿಸಿದ್ದೆ!

ರಾಜ್ಯೋತ್ಸವದ ದಿನ ಇದನ್ನು ಯಾಕೆ ಹೇಳ್ತಾ ಇದೀನಿ ಅಂದ್ರೆ, ಈ ಪಾಠ ನಮ್ಮ ನೆಲದ ಕಲ್ಲಿನಲ್ಲೇ ಇದೆ. 1368ರ ಮಾತು. ಶ್ರೀವೈಷ್ಣವರಿಂದ ಅನ್ಯಾಯವಾಗುತ್ತಿದೆ ಎಂದು ಜೈನರು ವಿಜಯನಗರದ ಬುಕ್ಕರಾಯನಿಗೆ ದೂರು ಕೊಟ್ಟರು. ರಾಜ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲ, ಜೈನರಿಗೆ ಆದ ಹಾನಿಯನ್ನು ವೈಷ್ಣವರು ತಮ್ಮ ಹಾನಿ ಅಂತಲೇ ತಿಳಿಯಬೇಕು ಎಂದ. ಅಷ್ಟಕ್ಕೇ ಬಿಡಲಿಲ್ಲ. ಜೈನರು ಮನೆಗೊಂದು ಹಣ ಕೊಡಬೇಕು. ಅದರಲ್ಲಿ ತಿರುಮಲೆಯ ತಾತಯ್ಯ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ಇಡಬೇಕು, ಮಿಕ್ಕ ಹಣದಲ್ಲಿ ಬಸದಿಗಳಿಗೆ ಸುಣ್ಣ ಬಳಿಸಬೇಕು. ಶ್ರವಣಬೆಳಗೊಳಕ್ಕೆ ಹೋದವರು ಆ ಶಾಸನ ನೋಡಬಹುದು.

ನೋಡಿ, ಬರೀ ಒಳ್ಳೆಯ ಮಾತಾಡಿ ಕಳಿಸಲಿಲ್ಲ, ಕಾವಲೂ ಇಡಿಸಿದ. ಆದರೆ ಆ ಕಾವಲಿನ ಹೊಣೆ ಹೊರಿಸಿದ್ದು ಯಾರಿಗೆ? ಯಾರ ಮೇಲೆ ದೂರಿತ್ತೋ ಆ ಪಂಗಡದವರಿಗೇ.

ನಮ್ಮ ಗುಡಿಗೆ ಕ್ಯಾಮೆರಾ ಹಾಕಿಸೋಣ, ಪೊಲೀಸರಿಗೆ ದೂರು ಕೊಡೋಣ, ಅದರಲ್ಲಿ ಸಂಕೋಚ ಬೇಡ. ದೀಪ ಹಚ್ಚೋದನ್ನೂ ನಿಲ್ಲಿಸಬಾರದು. ಆದರೆ ಯಾರೋ ಮಾಡಿದ್ದಕ್ಕೆ ಪಕ್ಕದ ಮನೆಯವರ ಮೇಲೆ ಬಾಗಿಲು ಹಾಕಿಕೊಂಡರೆ, ಗೋಡೆ ಕೆಡಿಸಿದವನ ಕೆಲಸವನ್ನು ನಾವೇ ಪೂರ್ತಿ ಮಾಡಿಕೊಟ್ಟ ಹಾಗೆ. ನಾಳೆ ಗುರುದ್ವಾರಕ್ಕೋ ಮಸೀದಿಗೋ ಚರ್ಚಿಗೋ ಹೀಗಾದರೆ ಮೊದಲು ಬಾಗಿಲು ತಟ್ಟುವವರು ನಾವಾಗಿರಬೇಕು.

ನಮ್ಮ ಸರ್ದಾರ್ಜಿ ಇವತ್ತು ಸಭೆಗೆ ಬಂದಿದ್ದಾರೆ. ಕನ್ನಡ ಬರಲ್ಲ, ಬಿಸಿಬೇಳೆಬಾತ್ ಮಾತ್ರ ಚೆನ್ನಾಗಿ ಅರ್ಥವಾಗುತ್ತೆ. ಊಟದ ಸಾಲಿನಲ್ಲಿ ಎಲ್ಲರೂ ಅವರನ್ನು ಮಾತಾಡಿಸಿ.

ಸಿರಿಗನ್ನಡಂ ಗೆಲ್ಗೆ.