ಶಿಕ್ಷಕನ ಕಾಣದ ಕಾಯಕ



ಶಾಲೆಯ ಕಡೆಯ ಗಂಟೆಯಾದೊಡನೆ ಶಿಕ್ಷಕನ ಕೆಲಸವು ಮುಗಿಯಿತೆಂದು ಜನರು ಭಾವಿಸುವುದುಂಟು. ಆದರೆ ಪಾಠಕ್ಕೆ ಮುಂಚಿನ ಓದೂ, ಪಾಠವಾದ ಬಳಿಕಿನ ತಿದ್ದುವಿಕೆಯೂ ನಮ್ಮ ಕಣ್ಣಿಗೆ ಬೀಳತಕ್ಕವಲ್ಲ. 30 ಮಕ್ಕಳ ತರಗತಿಯಲ್ಲಿ ಪುಸ್ತಕವೊಂದಕ್ಕೆ 5 ನಿಮಿಷಗಳೆಂದರೂ ಎರಡೂವರೆ ತಾಸುಗಳಾಗುವುವು. ಅವು ಮನೆಮಂದಿಯ ಪಾಲಿನಿಂದ ತೆಗೆದ ತಾಸುಗಳು.

2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಿಕ್ಷಕನಿಗೆ ವಾರಕ್ಕೆ ಕನಿಷ್ಠ 45 ತಾಸುಗಳ ಕೆಲಸವನ್ನು ವಿಧಿಸಿ, ಪಾಠದ ಸಿದ್ಧತೆಯನ್ನೂ ಅದರಲ್ಲಿಯೇ ಎಣಿಸಿರುವುದು. ಅದರ 27ನೆಯ ಕಲಮು ಬೋಧನೆಯಲ್ಲದ ಕೆಲಸಗಳನ್ನು ನಿಷೇಧಿಸಿದರೂ, ಜನಗಣತಿ, ಚುನಾವಣೆ, ವಿಪತ್ತು ಪರಿಹಾರಗಳಿಗೆ ವಿನಾಯಿತಿಯನ್ನಿತ್ತಿದೆ. ನಮ್ಮ ನಾಡಿನಲ್ಲಿ ಇವುಗಳ ಮೇಲೆ ಬಿಸಿಯೂಟದ ಲೆಕ್ಕ. 2013ರಲ್ಲಿ ಕ್ಷೀರಭಾಗ್ಯವು ಬಂದ ಬಳಿಕ ಹಾಲಿನ ಲೆಕ್ಕವೂ ಕೂಡಿತು. ಮಕ್ಕಳ ಹಸಿವನ್ನು ಹಿಂಗಿಸುವುದು ಪುಣ್ಯಕಾರ್ಯವೇ. ಲೆಕ್ಕದ ಭಾರವು ಮಾತ್ರ ಪಾಠ ಹೇಳುವವನ ಹೆಗಲ ಮೇಲೆ ಬೀಳಬೇಕೆ?

ಇಂತಹ ತಾಸುಗಳು ಹೆಚ್ಚಿದಂತೆ ಮೊದಲು ಕುಂದತಕ್ಕುದು ಶಿಕ್ಷಕನ ಸ್ವಂತ ಓದು. ಅದು ಬತ್ತಿದರೆ ನಷ್ಟವು ನಮ್ಮ ಮಕ್ಕಳದೇ. ಆದುದರಿಂದ ಗುರುವನ್ನು ಬಾಯಿಮಾತಿನಿಂದ ಹೊಗಳುವುದಕ್ಕಿಂತ, ಊರಿನ ಶಾಲಾಭಿವೃದ್ಧಿ ಸಮಿತಿಯವರು ಲೆಕ್ಕಪತ್ರಗಳಲ್ಲಿ ಆತನಿಗೆ ನೆರವಾಗುವುದು ಮೇಲು. ಹಾಗೆ ಉಳಿದ ಒಂದು ತಾಸಾದರೂ ಮಕ್ಕಳಿಗೇ ಸಲ್ಲುವುದು.